ದಿನಚರಿಯೂ ಆತ್ಮಾವಲೋಕನವೂ

ಸಂಧ್ಯಾವಂದನೆಗೆ ಕುಳಿತವನು ಆಚಮನ, ಪ್ರಾಣಾಯಾಮಗಳಾದ ಮೇಲೆ ಸಂಕಲ್ಪ ಮಾಡುತ್ತಾನೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನೂ ತಾನಿರುವ ದೇಶವನ್ನೂ ಉಚ್ಚರಿಸಿ, ಅನಂತರ ತಾನು ಮಾಡಲಿರುವ ಕರ್ಮವನ್ನು ಹೇಳುತ್ತಾನೆ. ಕನ್ನಡನಾಡಿನಿಂದ ಬಂದು ವಡೋದರೆಯ ಗೋರ್ವಾದಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರ ನಾಲಗೆಯು ಅಭ್ಯಾಸಬಲದಿಂದ ಇಂದಿಗೂ ಗೋದಾವರಿಯ ದಕ್ಷಿಣ ತೀರವನ್ನೇ ಹೇಳುತ್ತದೆ. ನಾವಿರುವುದಾದರೋ ನರ್ಮದೆಯ ಉತ್ತರಕ್ಕೆ, ವಿಶ್ವಾಮಿತ್ರೀ ನದಿಯ ಸಮೀಪದಲ್ಲಿ. ಸೂರತ್ತಿನ ಬಂಧುಗಳು ತಪತಿಯ ದಡದಲ್ಲಿದ್ದಾರೆ, ಅಹಮದಾಬಾದಿನವರು ಸಾಬರಮತಿಯ ದಡದಲ್ಲಿದ್ದಾರೆ. ಹಿರಿಯರು ಕಲಿಸಿದ ಪಾಠವನ್ನು ಹಾಗೆಯೇ ಹೇಳುವುದು ಸಹಜ. ಆದರೆ ‘ನಾನು ಈಗ, ಇಲ್ಲಿ, ಈ ಕಾರ್ಯಕ್ಕೆ ಕುಳಿತಿದ್ದೇನೆ’ ಎಂದು ನಿಜವಾಗಿ ತಿಳಿದು ಹೇಳುವುದೇ ಸಂಕಲ್ಪದ ಜೀವಾಳ.

ಶರೀರವಿರುವ ಸ್ಥಳವನ್ನು ಹೇಳುವುದರಲ್ಲಿಯೇ ಇಷ್ಟು ಮರೆವು ಉಂಟಾಗುವುದಾದರೆ, ಮನಸ್ಸು ಎಲ್ಲಿದೆ ಎಂಬುದನ್ನು ನಾವು ಎಷ್ಟುಮಟ್ಟಿಗೆ ಬಲ್ಲೆವು? ಬೆಳಿಗ್ಗೆಯಿಂದ ರಾತ್ರಿಯವರೆಗೆ ಅದು ಯಾರ ಮೇಲೆ ಮುನಿಯಿತು, ಯಾವುದಕ್ಕೆ ಕುಗ್ಗಿತು, ಯಾವುದನ್ನು ಬಯಸಿತು ಎಂಬುದರ ಲೆಕ್ಕವನ್ನು ಇಡುವವರು ವಿರಳ. ಆ ಲೆಕ್ಕವನ್ನಿಡುವ ಸುಲಭ ಸಾಧನವೇ ದಿನಚರಿ ಲೇಖನ. ಈ ಪಾಠದಲ್ಲಿ ಅದರ ಸ್ವರೂಪವನ್ನೂ ಕ್ರಮವನ್ನೂ ವಿಚಾರಿಸೋಣ.

ಯಾವುದು ದಿನಚರಿ?

ಹಾಲಿನವನಿಗೆ ಕೊಟ್ಟ ಹಣ, ಗ್ಯಾಸ್ ಸಿಲಿಂಡರು ಬಂದ ದಿನ, ಊರಿನ ರೈಲಿನ ಟಿಕೆಟ್ ಕಾದಿರಿಸಿದ ದಿನ – ಇವನ್ನು ಬರೆದಿಡುವ ಪದ್ಧತಿ ನಮ್ಮ ಮನೆಗಳಲ್ಲಿ ಉಂಟು. ಅದು ಉಪಯುಕ್ತವೇ, ಆದರೆ ಇಲ್ಲಿ ಹೇಳುತ್ತಿರುವ ದಿನಚರಿ ಅದಲ್ಲ. ಗುಜರಾತಿನ ವರ್ತಕರು ದೀಪಾವಳಿಯಲ್ಲಿ ಚೋಪಡಾ ಪೂಜನ ಮಾಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಹೊಸ ಲೆಕ್ಕದ ಪುಸ್ತಕವನ್ನು ದೇವರ ಮುಂದಿಟ್ಟು, ‘ಶುಭ’, ‘ಲಾಭ’ ಎಂದು ಬರೆದು ಪೂಜಿಸಿ, ಅನಂತರವೇ ಅದರಲ್ಲಿ ವ್ಯವಹಾರವನ್ನು ಬರೆಯುತ್ತಾರೆ. ನಮಗೆ ಬಲಿಪಾಡ್ಯಮಿಯಾದ ಕಾರ್ತಿಕ ಶುದ್ಧ ಪ್ರತಿಪದೆಯು ಇವರಿಗೆ ನೂತನ ವರ್ಷಾರಂಭ. ಲೆಕ್ಕವನ್ನು ದೇವರ ಎದುರಿನಲ್ಲಿ ಬರೆಯಬೇಕೆಂಬ ಈ ಭಾವನೆಯು ಅನುಕರಣೀಯವಾದುದು. ಅಂತರಂಗದ ಆಯವ್ಯಯಕ್ಕೂ ಅಂತಹ ಒಂದು ಪುಸ್ತಕ ಬೇಡವೇ?

ಈ ನಾಡಿನ ನಿದರ್ಶನಗಳು

ನಾವು ಬಂದು ಸೇರಿರುವ ಈ ಗುಜರಾತು ದಿನಚರಿ ಬರೆದವರ ನಾಡು. ಸೌರಾಷ್ಟ್ರದ ವವಾಣಿಯಾದಲ್ಲಿ 1867ರಲ್ಲಿ ಜನಿಸಿದ ಶ್ರೀಮದ್ ರಾಜಚಂದ್ರರು ಮುಂಬಯಿಯಲ್ಲಿ ರತ್ನದ ವ್ಯಾಪಾರ ಮಾಡುತ್ತಿದ್ದರು. ಅವರ ಮೇಜಿನ ಮೇಲೆ ಯಾವುದಾದರೊಂದು ಧರ್ಮಗ್ರಂಥವೂ ಡೈರಿಯೂ ಸದಾ ಇರುತ್ತಿದ್ದುವೆಂದೂ, ವ್ಯಾಪಾರದ ಮಾತು ಮುಗಿದೊಡನೆ ಅವುಗಳಲ್ಲೊಂದನ್ನು ಅವರು ತೆರೆಯುತ್ತಿದ್ದರೆಂದೂ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. 1901ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿಯೇ, ರಾಜಚಂದ್ರರು ದಿವಂಗತರಾದರು. ಅವರ ಆ ಟಿಪ್ಪಣಿಗಳು ‘ಹಾಥನೋಂಧ’, ಅಂದರೆ ಕೈಬರಹದ ಟಿಪ್ಪಣಿಗಳು, ಎಂಬ ಹೆಸರಿನಿಂದ ಉಳಿದುಬಂದಿವೆ. ಅವರು ಜೈನಮತೀಯರು, ಸಿದ್ಧಾಂತದಲ್ಲಿ ನಮಗೂ ಅವರಿಗೂ ಭೇದವುಂಟು. ಇಲ್ಲಿ ಗ್ರಾಹ್ಯವಾದುದು ಅವರ ಅಭ್ಯಾಸಕ್ರಮ. ಅಂಗಡಿಯನ್ನು ಬಿಟ್ಟು ಅರಣ್ಯಕ್ಕೆ ಹೋಗಿ ಅವರು ಬರೆಯಲಿಲ್ಲ. ಎರಡು ವ್ಯವಹಾರಗಳ ನಡುವೆ ದೊರೆತ ಬಿಡುವಿನಲ್ಲಿ ಬರೆದರು. ಕಾರ್ಖಾನೆ, ಕಛೇರಿಗಳಲ್ಲಿ ದಿನ ಕಳೆಯುವ ನಮಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ದೊರೆಯಲಾರದು.

1930ನೆಯ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ ಸತ್ಯಾಗ್ರಹಿಗಳು ಪ್ರಾರ್ಥನೆ ಮತ್ತು ನೂಲುವಿಕೆಗಳಂತೆಯೇ ದಿನಚರಿ ಬರೆಯುವುದನ್ನೂ ನಿಯಮವಾಗಿ ಪಾಲಿಸಬೇಕೆಂದು ಗಾಂಧೀಜಿ ವಿಧಿಸಿದ್ದರು. ದಿನವಿಡೀ ನಡೆದು ದಣಿದವರಿಗೂ ಈ ನಿಯಮದಿಂದ ವಿನಾಯಿತಿ ಇರಲಿಲ್ಲವೆಂಬುದನ್ನು, ‘ಸಮಯವಿಲ್ಲ’ ಎನ್ನುವವರು ಗಮನಿಸಬೇಕು. ಸೂರತ್ ಜಿಲ್ಲೆಯ ಸರಸ ಗ್ರಾಮದಲ್ಲಿ 1892ರಲ್ಲಿ ಹುಟ್ಟಿದ ಮಹಾದೇವ ದೇಸಾಯಿಯವರು 1917ರ ನವೆಂಬರಿನಿಂದ ಆರಂಭಿಸಿ 1942ರ ಆಗಸ್ಟ್ 15ರಂದು ಬಂಧನದಲ್ಲಿಯೇ ನಿಧನರಾಗುವವರೆಗೆ, ಸುಮಾರು ಇಪ್ಪತ್ತೈದು ವರ್ಷ, ಡೈರಿಯನ್ನು ನಡೆಸಿದರು. ಅದಕ್ಕೆ 1955ರಲ್ಲಿ ಮರಣೋತ್ತರವಾಗಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ನಮ್ಮ ವಡೋದರೆಯಲ್ಲಿ 1893ರಿಂದ 1906ರವರೆಗೆ ಇದ್ದು, ಇಲ್ಲಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಶ್ರೀ ಅರವಿಂದರು ಮುಂದೆ ಪುದುಚೇರಿಯಲ್ಲಿ, ಮುಖ್ಯವಾಗಿ 1912ರಿಂದ 1920ರವರೆಗೆ, ತಮ್ಮ ಸಾಧನೆಯ ದಿನಚರಿಯನ್ನು ಬರೆದರು. ಅದು 2001ರಲ್ಲಿ ‘ರೆಕಾರ್ಡ್ ಆಫ್ ಯೋಗ’ ಎಂಬ ಹೆಸರಿನಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಅದರಲ್ಲಿ ಮುನ್ನಡೆಯನ್ನು ಬರೆದಷ್ಟೇ ನಿರ್ವಿಕಾರವಾಗಿ ಹಿನ್ನಡೆಯನ್ನೂ ಬರೆದಿದ್ದಾರೆ. ಕನ್ನಡದಲ್ಲಿ ಕುವೆಂಪು ಅವರು ‘ನೆನಪಿನ ದೋಣಿಯಲ್ಲಿ’ ಎಂಬ ಆತ್ಮಕಥೆಯನ್ನು ಬರೆಯುವಾಗ ತಮ್ಮ ಯೌವನದ ದಿನಚರಿಗಳನ್ನು ಧಾರಾಳವಾಗಿ ಬಳಸಿಕೊಂಡರು.

ಮನಸ್ಸು ಮತ್ತು ಸಾಕ್ಷಿ

ಬರೆಯುವುದರಿಂದ ತನ್ನನ್ನು ತಾನು ಅರಿಯುವುದು ಹೇಗೆ ಸಾಧ್ಯ? ನಮ್ಮ ಶಾಸ್ತ್ರದ ಒಂದು ವಿವೇಚನೆಯು ಇದಕ್ಕೆ ಬೆಳಕು ನೀಡುತ್ತದೆ. ಶ್ರೀಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಪ್ರತ್ಯಕ್ಷವನ್ನು ಏಳು ವಿಧವಾಗಿ ವಿಭಾಗಿಸುತ್ತಾರೆ. ಪಂಚ ಜ್ಞಾನೇಂದ್ರಿಯಗಳು, ಮನಸ್ಸು, ಮತ್ತು ಇವುಗಳಿಂದ ಭಿನ್ನವಾಗಿ ಆತ್ಮಸ್ವರೂಪವೇ ಆಗಿರುವ ಸಾಕ್ಷಿ. ಸುಖ, ದುಃಖ, ಮನಸ್ಸು ಹಾಗೂ ಅದರ ವೃತ್ತಿಗಳು, ಕಾಲ ಮುಂತಾದುವು ಸಾಕ್ಷಿಗೆ ಗೋಚರ. ‘ನನಗೆ ದುಃಖವಾಗುತ್ತಿದೆ’ ಎಂಬ ಅನುಭವದಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ‘ಇವನಿಂದಲೇ ನನಗೆ ದುಃಖವಾಯಿತು’ ಎಂಬುದು ಮನಸ್ಸಿನ ನಿರ್ಣಯ, ಅದು ತಪ್ಪಬಹುದು. ಕಣ್ಣಿಗೆ ಕಾಮಾಲೆಯು ದೋಷವಾಗಿರುವಂತೆ ಮನಸ್ಸಿಗೆ ರಾಗಾದಿಗಳು ದೋಷಗಳು.

ಇನ್ನೊಂದು ವಿಷಯ. ನೈಯಾಯಿಕರು ಸ್ಮೃತಿಯನ್ನು ಪ್ರಮೆಯೆಂದು ಒಪ್ಪುವುದಿಲ್ಲ. ನಮ್ಮ ಸಿದ್ಧಾಂತದಲ್ಲಿ ಸ್ಮೃತಿಗೂ ಪ್ರಾಮಾಣ್ಯವುಂಟು, ಮನಸ್ಸೇ ಅದಕ್ಕೆ ಸಾಧನ. ಸಾಧನವು ನಿರ್ದುಷ್ಟವಾಗಿದ್ದಾಗ ಮಾತ್ರ ಸ್ಮೃತಿಯು ಯಥಾರ್ಥ. ಒಂದು ಘಟನೆಯನ್ನು ತಿಂಗಳ ನಂತರ ನೆನೆದಾಗ ಅದರಲ್ಲಿ ನಮ್ಮ ದ್ವೇಷವೂ ಅಭಿಮಾನವೂ ಸೇರಿ, ನಾವು ಆಡಿದ ಮಾತು ಮೃದುವಾಗಿಯೂ ಎದುರಾಳಿಯ ಮಾತು ಕಠಿನವಾಗಿಯೂ ತೋರುತ್ತವೆ. ಅಂದಿನದನ್ನು ಅಂದೇ ಬರೆದಿಟ್ಟರೆ ಈ ಕಲಬೆರಕೆ ಕಡಿಮೆಯಾಗುತ್ತದೆ. ಡೈರಿಯೇ ಸಾಕ್ಷಿಯೆಂದು ಇದರ ಅರ್ಥವಲ್ಲ. ಡೈರಿಯಲ್ಲಿರುವುದು ಮನಸ್ಸಿನ ಹೇಳಿಕೆ. ಹೇಳಿಕೆಯು ಕಾಗದದ ಮೇಲೆ ಬಂದು ನಿಂತಾಗ ಅದನ್ನು ಪರೀಕ್ಷಿಸುವುದು ಸುಲಭವಾಗುತ್ತದೆ. ತಲೆಯೊಳಗೆ ಸುತ್ತುತ್ತಿರುವಾಗ ಅದು ಕೈಗೆ ಸಿಕ್ಕುವುದಿಲ್ಲ.

ಒಂದು ಉದಾಹರಣೆ

ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳೋಣ. ಗೋರ್ವಾದ ಕೈಗಾರಿಕಾ ವಸಾಹತುವಿನಲ್ಲಿ ಕೆಲಸ ಮಾಡುವ ಒಬ್ಬ ಗೃಹಸ್ಥ. ಊರಿನಲ್ಲಿ ಒಬ್ಬರೇ ಇದ್ದ ತಾಯಿಯನ್ನು ಈಚೆಗೆ ಕರೆತಂದಿದ್ದಾನೆ. ಒಂದು ರಾತ್ರಿ ಊಟಕ್ಕೆ ಕರೆದ ಅಜ್ಜಿಗೆ ಮೊಮ್ಮಗನು ಗುಜರಾತಿಯಲ್ಲಿ ಉತ್ತರ ಕೊಟ್ಟನು. ತಂದೆ ಕೂಗಾಡಿದನು. ಹುಡುಗ ಊಟ ಬಿಟ್ಟು ಎದ್ದುಹೋದನು. ಮನೆ ಸ್ತಬ್ಧವಾಯಿತು. ಮಲಗುವ ಮುನ್ನ ತಂದೆ ಡೈರಿ ತೆರೆಯುತ್ತಾನೆಂದು ಭಾವಿಸೋಣ. ಅವನು ಮೂರು ರೀತಿಯಲ್ಲಿ ಬರೆಯಬಹುದು.

ಮೊದಲನೆಯ ರೀತಿ: “ನಾನು ಕೋಪಿಷ್ಠ. ಎಷ್ಟು ಹೇಳಿಕೊಂಡರೂ ನನಗೆ ಬುದ್ಧಿ ಬರುವುದಿಲ್ಲ. ನಾನು ಒಳ್ಳೆಯ ತಂದೆಯಲ್ಲ.”

ಎರಡನೆಯ ರೀತಿ: “ಈ ಊರಿಗೆ ಬಂದು ಮಕ್ಕಳು ಕೆಟ್ಟರು. ಹಿರಿಯರಲ್ಲಿ ಗೌರವವಿಲ್ಲ. ನಾನು ಬೈಯದಿದ್ದರೆ ಮತ್ತಾರು ಬೈಯಬೇಕು?”

ಮೂರನೆಯ ರೀತಿ: “ರಾತ್ರಿ 8 ಗಂಟೆ. ಅಮ್ಮ ಊಟಕ್ಕೆ ಕರೆದರು. ಮಗ ಗುಜರಾತಿಯಲ್ಲಿ ‘ಆಮೇಲೆ ಬರುತ್ತೇನೆ’ ಎಂದ. ಅಮ್ಮನಿಗೆ ತಿಳಿಯಲಿಲ್ಲ, ಅವರ ಮುಖ ಸಪ್ಪಗಾಯಿತು. ನಾನು ಕೂಗಿದೆ. ಕೂಗುವುದಕ್ಕೆ ಮೊದಲೇ ನನ್ನ ಎದೆ ಬಿಗಿದಿತ್ತು. ಮಧ್ಯಾಹ್ನ 3 ಗಂಟೆಗೆ ಮೇಲಧಿಕಾರಿ ಎಲ್ಲರ ಮುಂದೆ ಆಡಿದ ಮಾತು ಆಗಿನಿಂದ ಕೊರೆಯುತ್ತಿತ್ತು. ಮಗ ಆಡಿದ್ದು ಸಾಮಾನ್ಯ ಮಾತು; ದಿನವೂ ಆಡುತ್ತಾನೆ. ಅಮ್ಮನನ್ನು ಇಲ್ಲಿಗೆ ಕರೆತಂದು ಒಂಟಿ ಮಾಡಿದೆನೋ ಎಂಬ ಚಿಂತೆ ನನ್ನದು. ನಾಳೆ ಮಗನೊಡನೆ ಮಾತನಾಡಬೇಕು. ಅಮ್ಮನ ಕಡೆ ಅರ್ಧ ಗಂಟೆ ಕುಳಿತುಕೊಳ್ಳಬೇಕು.”

ಮೊದಲನೆಯದು ತನ್ನ ಮೇಲೆ ತಾನೇ ಹೂಡಿದ ಆರೋಪಪಟ್ಟಿ. ಅದರಲ್ಲಿ ತೀರ್ಪು ಇದೆ, ವಿಷಯವಿಲ್ಲ. ಎರಡನೆಯದು ತನ್ನ ಪರವಾಗಿ ಮಾಡಿದ ವಕಾಲತ್ತು. ಅದರಲ್ಲಿ ವಾದವಿದೆ, ಸತ್ಯವಿಲ್ಲ. ಮೂರನೆಯದು ಮಾತ್ರ ಸಾಕ್ಷಿಯ ಪರೀಕ್ಷೆಗೆ ಒದಗಬಲ್ಲ ಹೇಳಿಕೆ. ಏನು ನಡೆಯಿತು, ಯಾವಾಗ, ಶರೀರದಲ್ಲಿ ಏನಾಯಿತು, ಮನಸ್ಸಿನಲ್ಲಿ ಏನಿತ್ತು – ಇಷ್ಟೇ ಅದರಲ್ಲಿದೆ. ಹೀಗೆ ಬರೆಯುತ್ತ ಹೋದಾಗ, ಬರೆಯಲು ಕುಳಿತ ವೇಳೆಯಲ್ಲಿ ತಿಳಿಯದಿದ್ದ ಸಂಗತಿಯೊಂದು ಹೊರಬಿದ್ದುದನ್ನು ಗಮನಿಸಿ. ಕೋಪವು ಮಗನ ಮೇಲಿನದಲ್ಲ, ತಾಯಿಯ ವಿಷಯದ ಕಳವಳವು ಆ ವೇಷದಲ್ಲಿ ಬಂದಿತ್ತು. ಈ ಅರಿವು ಬಾರದಿದ್ದರೆ ಮರುದಿನವೂ ಹುಡುಗನಿಗೇ ಬೈಗುಳ, ಅಜ್ಜಿಗೆ ಅದೇ ಒಂಟಿತನ. ಪರಸ್ಥಳದಲ್ಲಿ ನೆಲೆಸಿದ ಅನೇಕ ಕುಟುಂಬಗಳ ಅಶಾಂತಿಗೆ ಇಂತಹ ವೇಷಾಂತರಗಳೇ ಕಾರಣ.

ಭಾವಕ್ಕೆ ಸರಿಯಾದ ಹೆಸರು

ಡೈರಿಯಲ್ಲಿ ಪ್ರತಿದಿನವೂ ‘ಬೇಜಾರು’, ‘ಟೆನ್ಷನ್’ ಎಂಬ ಎರಡೇ ಪದಗಳನ್ನು ಬರೆದರೆ ಪ್ರಯೋಜನವಾಗದು. ಜ್ವರವೆಂದಷ್ಟೇ ಹೇಳಿದರೆ ವೈದ್ಯನು ಔಷಧ ಕೊಡಲಾರ. ಯಾವ ಜ್ವರವೆಂದು ತಿಳಿಯಬೇಕು. ಭರತಮುನಿಯ ನಾಟ್ಯಶಾಸ್ತ್ರವು ಎಂಟು ಸ್ಥಾಯಿಭಾವಗಳೊಡನೆ ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಎಣಿಸಿ, ಪ್ರತಿಯೊಂದಕ್ಕೂ ಕಾರಣವನ್ನೂ ಚಿಹ್ನೆಗಳನ್ನೂ ಹೇಳುತ್ತದೆ. ರಂಗಭೂಮಿಗಾಗಿ ಹೇಳಿದ ಆ ಪಟ್ಟಿಯು ಆತ್ಮಪರೀಕ್ಷೆಗೂ ಉಪಕಾರಕ.

ನಾವು ಕೋಪವೆಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಅನೇಕ ಭೇದಗಳಿವೆ. ವಿದ್ಯೆ, ಐಶ್ವರ್ಯ, ಬಲಗಳಲ್ಲಿ ಅಧಿಕರಾದವರಿಂದ ಅವಮಾನಿತನಾದವನಲ್ಲಿ ಹುಟ್ಟುವುದು ಅಮರ್ಷ. ಮೇಲಿನ ಪ್ರಸಂಗದಲ್ಲಿ ಮಧ್ಯಾಹ್ನ ಉಂಟಾದುದು ಅದು. ಪರರ ಸೌಭಾಗ್ಯವನ್ನು ಕಂಡು ಸಹಿಸದಿರುವುದು ಅಸೂಯೆ. ಜೊತೆಯವನ ಬಡ್ತಿಯ ಸುದ್ದಿಯಿಂದ ಬರುವುದು. ಬಳಲಿಕೆಯಿಂದ ಕುಗ್ಗುವುದು ಗ್ಲಾನಿ; ಅದಕ್ಕೆ ಔಷಧ ನಿದ್ರೆಯೇ ಹೊರತು ಪಶ್ಚಾತ್ತಾಪವಲ್ಲ. ಪ್ರಿಯಜನರ ಅಗಲಿಕೆಯಿಂದಲೂ ಅವರ ಸ್ಮರಣೆಯಿಂದಲೂ ಉಂಟಾಗುವುದು ಔತ್ಸುಕ್ಯ. ಊರನ್ನು ಬಿಟ್ಟುಬಂದ ನಮಗೆ ಈ ಕೊನೆಯದು ಅತಿಪರಿಚಿತ. ಆದರೆ ಅದನ್ನು ಅದರ ಹೆಸರಿನಿಂದ ಕರೆಯದೆ, ‘ಇಲ್ಲಿಯ ನೀರು ಸರಿಯಿಲ್ಲ, ಇಲ್ಲಿಯ ಜನ ಸರಿಯಿಲ್ಲ, ಇಲ್ಲಿಯ ಸಾರಿಗೆ ರುಚಿಯಿಲ್ಲ’ ಎಂದು ದೂರುತ್ತೇವೆ. ‘ಈ ದಿನ ಊರಿನ ನೆನಪಾಗಿ ಮನಸ್ಸು ಕಲಕಿತು’ ಎಂದು ಒಂದು ಸಾಲು ಬರೆದವನು ಆ ದಿನ ನೆರೆಯವರನ್ನು ನಿಂದಿಸುವ ಅಗತ್ಯವನ್ನು ಕಾಣನು.

ಆಧುನಿಕರ ಪರಿಶೀಲನೆಯೂ ಇದಕ್ಕೆ ಅನುಕೂಲವಾಗಿದೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ, ತಮ್ಮ ಜೀವನದ ನೋವಿನ ಘಟನೆಯನ್ನು ಬರೆದರು. ಬರೆದ ಒಡನೆಯೇ ಅವರ ಮನಸ್ಸು ಹಗುರಾಗಲಿಲ್ಲ, ಸ್ವಲ್ಪ ಭಾರವೇ ಆಯಿತು. ಆದರೆ ಘಟನೆಯನ್ನೂ ಅದರ ಬಗೆಗಿನ ಭಾವವನ್ನೂ ಜೊತೆಗೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯಕೇಂದ್ರಕ್ಕೆ ಹೋದದ್ದು ಇತರರಿಗಿಂತ ಕಡಿಮೆ. ಅನಂತರ ನಡೆದ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು, ಪ್ರಯೋಜನವುಂಟು, ಆದರೆ ಅದು ಸಾಧಾರಣ ಪ್ರಮಾಣದ್ದೆಂದು ಹೇಳಿದ್ದಾರೆ. ಆದ್ದರಿಂದ ಡೈರಿಯನ್ನು ಸರ್ವರೋಗನಿವಾರಕವೆಂದು ಭ್ರಮಿಸುವುದು ಬೇಡ. ನಿರುಪಯೋಗಿಯೆಂದು ತಳ್ಳುವುದೂ ಬೇಡ.

ರೈಲ್ವೆಯ ಒಂದು ನಿಯಮ

ರೈಲ್ವೆ ಸ್ಟೇಷನ್ನುಗಳಲ್ಲಿ ಟ್ರೈನ್ ಸಿಗ್ನಲ್ ರಿಜಿಸ್ಟರ್ ಎಂಬ ಪುಸ್ತಕವಿರುತ್ತದೆ. ಗಾಡಿಗೆ ಲೈನ್ ಕ್ಲಿಯರ್ ಕೊಟ್ಟ ವೇಳೆ, ಗಾಡಿ ಬಂದ ವೇಳೆ, ಹೋದ ವೇಳೆ – ಎಲ್ಲವನ್ನೂ ಆಯಾ ಕ್ಷಣದಲ್ಲಿಯೇ ಅದರಲ್ಲಿ ನಮೂದಿಸಬೇಕು. ಅದರಲ್ಲಿ ಏನನ್ನೂ ಅಳಿಸಕೂಡದು. ನಮೂದು ತಪ್ಪಾಗಿದ್ದರೆ, ಓದಲು ಬರುವಂತೆಯೇ ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆಯಬೇಕು. ನೂರಾರು ಪ್ರಯಾಣಿಕರ ಪ್ರಾಣವು ಆ ಪುಸ್ತಕದ ಪ್ರಾಮಾಣಿಕತೆಯನ್ನು ಅವಲಂಬಿಸಿರುವುದೇ ಈ ಕಟ್ಟುನಿಟ್ಟಿಗೆ ಕಾರಣ. ಸೇವೆಯಲ್ಲಿದ್ದ ವರ್ಷಗಳೆಲ್ಲ ಇಂತಹ ರಿಜಿಸ್ಟರುಗಳನ್ನು ತಪಾಸಣೆ ಮಾಡಿದ ನನಗೆ, ಅಂತರಂಗದ ಪುಸ್ತಕಕ್ಕೂ ಈ ನಿಯಮವೇ ಉತ್ತಮವೆಂದು ತೋರುತ್ತದೆ. ನಿನ್ನೆ ಬರೆದುದು ಇಂದು ನಾಚಿಕೆ ತರಿಸಿದರೂ ಪುಟವನ್ನು ಹರಿಯಬಾರದು. ಒಂದು ಗೆರೆ ಎಳೆದು, ‘ಈಗ ಹೀಗೆ ತೋರುತ್ತದೆ’ ಎಂದು ಪಕ್ಕದಲ್ಲಿ ಬರೆಯಬೇಕು. ಹಳೆಯದೂ ಹೊಸದೂ ಅಕ್ಕಪಕ್ಕದಲ್ಲಿದ್ದಾಗಲೇ ನಾವು ಎಷ್ಟು ಬದಲಾದೆವೆಂಬುದು ತಿಳಿಯುತ್ತದೆ.

ಕೆಲವು ಎಚ್ಚರಿಕೆಗಳು

ಒಂದು: ಎರಡು ಕೋಣೆಗಳ ಮನೆಯಲ್ಲಿ ಐದು ಜನರಿರುವಾಗ ಗುಟ್ಟು ಉಳಿಯುವುದು ಕಷ್ಟ. ಆದರೂ ಮಕ್ಕಳ ಡೈರಿಯನ್ನು ತಂದೆತಾಯಿಗಳೂ, ಸೊಸೆಯ ಡೈರಿಯನ್ನು ಅತ್ತೆಯೂ, ಪತ್ನಿಯ ಡೈರಿಯನ್ನು ಪತಿಯೂ ಕೇಳದೆ ತೆರೆಯಬಾರದು. ಒಮ್ಮೆ ತೆರೆದರೆ, ಅನಂತರ ಬರೆಯುವುದೆಲ್ಲ ಓದುಗರಿಗಾಗಿಯೇ ಹೊರತು ಸತ್ಯಕ್ಕಾಗಿ ಅಲ್ಲ.

ಎರಡು: ಭಾಷೆ. ಇಲ್ಲಿಯ ಶಾಲೆಗಳಲ್ಲಿ ಕಲಿತ ಮಕ್ಕಳಿಗೆ ಕನ್ನಡ ಬರೆಯಲು ಬಾರದಿದ್ದರೆ ಗುಜರಾತಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಲಿ. ಯಾವ ಭಾಷೆಯಲ್ಲಿ ಮನಸ್ಸು ತಾನಾಗಿ ಮಾತನಾಡುವುದೋ ಅದೇ ಡೈರಿಯ ಭಾಷೆ. ಹಿರಿಯರು ಮಾತ್ರ ಕನ್ನಡದಲ್ಲಿಯೇ ಬರೆಯುವುದು ಲೇಸು. ಕಛೇರಿಯ ಭಾಷೆಯಲ್ಲಿ ಬರೆದರೆ ಕಛೇರಿಯ ಮುಖವಾಡವೂ ಅದರೊಡನೆ ಬಂದುಬಿಡುತ್ತದೆ.

ಮೂರು: ಒಂದೇ ದೂರು ವಾರವಿಡೀ ಮರಳಿ ಮರಳಿ ಬಂದರೆ ಅದು ಅವಲೋಕನವಲ್ಲ, ಬರಿಯ ಕೊರಗು. ಆಗ ಲೇಖನಿಯನ್ನು ಕೆಳಗಿಟ್ಟು, ಸಂಬಂಧಪಟ್ಟವರೊಡನೆ ಮಾತನಾಡಬೇಕು, ಅಥವಾ ಮಾಡಬೇಕಾದ ಕಾರ್ಯಕ್ಕೆ ಕೈಹಾಕಬೇಕು. ನಿದ್ರಾಹಾರಗಳು ಕೆಟ್ಟು, ಬದುಕೇ ಬೇಡವೆನ್ನಿಸುವಂತಹ ಖಿನ್ನತೆಗೆ ಡೈರಿಯು ಪರಿಹಾರವಲ್ಲ, ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ದೊರೆಯುತ್ತದೆ. ಭಾಷೆ ಬಾರದ ಊರಿನಲ್ಲಿ ತನ್ನ ಸಂಕಟವನ್ನು ಹೇಳಿಕೊಳ್ಳಲಾರದ ವೃದ್ಧರಿಗೆ ಇದನ್ನು ತಿಳಿಸಿಕೊಡುವುದು ಮನೆಯವರ ಕರ್ತವ್ಯ.

ನಾಲ್ಕು: ದೋಷಗಳನ್ನು ಮಾತ್ರ ಬರೆಯುವುದು ಅರ್ಧ ಸತ್ಯ. ನೆರೆಯ ಗುಜರಾತಿ ತಾಯಿಯೊಬ್ಬಳು ಹಬ್ಬಕ್ಕೆ ತಂದುಕೊಟ್ಟ ಸಿಹಿ, ಮಗಳು ತಾನಾಗಿ ಅಜ್ಜಿಯ ಕಾಲು ಒತ್ತಿದುದು, ತಡೆಹಿಡಿದ ಒಂದು ಕಟುಮಾತು – ಇವೂ ಆ ದಿನ ನಡೆದ ಸಂಗತಿಗಳೇ. ಇವನ್ನು ಬಿಟ್ಟರೆ ಲೆಕ್ಕ ಸರಿಯಾಗದು.

ಈ ಮಾಸದ ಅಭ್ಯಾಸ

ಎರಡು ಏಕಾದಶಿಗಳ ನಡುವಣ ಅವಧಿಯನ್ನು ಆರಿಸಿಕೊಳ್ಳಿ. ಸಾಮಾನ್ಯವಾದ ಒಂದು ನೋಟ್‌ಬುಕ್ಕು ಸಾಕು. ರಾತ್ರಿ ಮಲಗುವ ಮುನ್ನ 15 ನಿಮಿಷ ಮೀರದಂತೆ ಕುಳಿತು ಈ ಐದನ್ನು ಬರೆಯಿರಿ.

1. ತಿಥಿ, ವಾರ, ಸ್ಥಳ. ಸ್ಥಳವನ್ನು ಇರುವಂತೆಯೇ ಬರೆಯಿರಿ: ಗೋರ್ವಾ, ವಡೋದರಾ.
2. ಈ ದಿನ ಮನಸ್ಸನ್ನು ಕಲಕಿದ ಅಥವಾ ಅರಳಿಸಿದ ಒಂದು ಘಟನೆ. ಆಡಿದ ಮಾತುಗಳು ಆಡಿದಂತೆಯೇ.
3. ಆಗ ಉಂಟಾದ ಭಾವಕ್ಕೆ ಆದಷ್ಟು ಸರಿಯಾದ ಹೆಸರು.
4. ಆ ಭಾವವು ಆ ಘಟನೆಯಿಂದಲೇ ಹುಟ್ಟಿತೇ, ಮೊದಲೇ ಇತ್ತೇ?
5. ನಾಳೆ ಮಾಡಬೇಕಾದ ಒಂದು ಚಿಕ್ಕ ಕಾರ್ಯ.

ಏಕಾದಶಿಯಂದು ಅಡಿಗೆಯ ಗಡಿಬಿಡಿ ಇಲ್ಲದ ಹೊತ್ತಿನಲ್ಲಿ ಹಿಂದಿನ ಪುಟಗಳನ್ನು ಒಟ್ಟಾಗಿ ಓದಿರಿ. ಯಾವ ಭಾವವು ಹೆಚ್ಚು ಸಲ ಬಂದಿದೆ, ಯಾವ ವೇಳೆಯಲ್ಲಿ, ಯಾರ ಸನ್ನಿಧಿಯಲ್ಲಿ, ‘ನಾಳೆ ಮಾಡುವೆ’ ಎಂದುದರಲ್ಲಿ ಎಷ್ಟನ್ನು ಮಾಡಿದ್ದೀರಿ ಎಂಬುದನ್ನು ಎಣಿಸಿರಿ. ಬಿಡಿ ಪುಟದಲ್ಲಿ ಕಾಣದ ಸ್ವಭಾವವು ಹದಿನೈದು ಪುಟಗಳಲ್ಲಿ ಕಾಣುತ್ತದೆ.

ಬರೆದು ಮುಗಿಸಿದ ಮೇಲೆ ಪುಸ್ತಕವನ್ನು ಮುಚ್ಚಿ, ಆ ದಿನದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹಾಗೆಯೇ ದೇವರಿಗೆ ಒಪ್ಪಿಸಿರಿ. ನಾವು ದಿನವೂ ಅರ್ಪಣೆಯ ಮಾತನ್ನು ಹೇಳುತ್ತೇವೆ. ಏನನ್ನು ಅರ್ಪಿಸುತ್ತಿದ್ದೇವೆ ಎಂಬುದನ್ನು ತಿಳಿದು ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥